ಮೂವತ್ತನೇ ಮೈಕಿನ ನಲವತ್ತು ಸೆಕೆಂಡು

ಊರಿನ ಆಡಳಿತ ಸಭೆ ಸೇರುವ ಕಟ್ಟಡದಲ್ಲಿ, ಸಭಾಂಗಣದ ಹಿಂಗೋಡೆಯ ಎತ್ತರದಲ್ಲಿ ಒಂದು ಗಾಜಿನ ಗೂಡಿದೆ. ಒಳಗೆ ಒಂದು ಕುರ್ಚಿ, ಕಿರ್ರೋ ಎನ್ನುವ ಒಂದು ಫ್ಯಾನು, ಕೆಳಗಿನ ಮೂವತ್ತೆರಡು ಮೈಕುಗಳನ್ನು ನೋಡಿಕೊಳ್ಳುವ ಒಂದು ಮಿಕ್ಸರ್. ಅದರ ಮುಂದೆ ಮೂವತ್ತೊಂದು ವರ್ಷದಿಂದ ಒಬ್ಬನೇ ಮನುಷ್ಯ ಕೂತಿದ್ದಾನೆ. ಸಭೆಯವರು ಅವನನ್ನು ಕತ್ತರಿಯಣ್ಣ ಎನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ, ಅದೂ ಇನ್ನು ಐದು ತಿಂಗಳಿಗೆ, ನಿವೃತ್ತಿಯಾದರೆ, ಮುಗಿಯಿತು.

ಕತ್ತರಿ ಯಾಕೆಂದರೆ, ಸಭೆಗೆ ಬಂದು ಅಹವಾಲು ಹೇಳಿಕೊಳ್ಳುವ ಜನರಿಗೆ ತಲಾ ಮೂರೇ ನಿಮಿಷ. ಮೂರು ನಿಮಿಷ ಆಗುತ್ತಿದ್ದ ಹಾಗೆ ಅಧ್ಯಕ್ಷೆ ಪೆನ್ಸಿಲ್ ಎತ್ತುತ್ತಾರೆ, ಮೇಲೆ ಇವನು ಗುಂಡಿ ಒತ್ತುತ್ತಾನೆ, ಮೈಕು ಬಾಯಿ ಮುಚ್ಚುತ್ತದೆ. ಬೈಸಿಕೊಳ್ಳುವವರು ಯಾರು ಹೇಳಿ? ಪೆನ್ಸಿಲ್ ಎತ್ತಿದವರಂತೂ ಅಲ್ಲ. ಕೆಳಗೆ ನಿಂತವರು ಕತ್ತೆತ್ತಿ ಗಾಜಿನ ಗೂಡನ್ನೇ ದುರುಗುಟ್ಟಿ ನೋಡುತ್ತಾರೆ.

ಆದರೂ ಅವನಿಗೆ ತನ್ನ ಕೆಲಸದಲ್ಲಿ ಒಂದು ಹೆಮ್ಮೆ ಇತ್ತು. ಯಾರ ಮಾತನ್ನೂ ಪದದ ನಡುವೆ ಕಡಿದವನಲ್ಲ. ಪೆನ್ಸಿಲ್ ಏಳುವ ಹೊತ್ತಿಗೆ ಕಿವಿ ನಿಮಿರಿಸಿಕೊಂಡು ಕಾಯುತ್ತಾನೆ. ಮಾತಾಡುವವರು ಉಸಿರೆಳೆದುಕೊಳ್ಳಲು ಅರೆಕ್ಷಣ ನಿಂತರೋ, ಆಗ ಬೆರಳು ಇಳಿಯುತ್ತದೆ. ಅರ್ಧ ಮಾತು ಗಾಳಿಯಲ್ಲಿ ನೇತಾಡುವುದಿಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ. "ಕತ್ತರಿಯಣ್ಣ ಮುಚ್ಚಿದ್ದೇ ಗೊತ್ತಾಗಲ್ಲ ರೀ, ಅವರೇ ಮುಗಿಸಿದ ಹಾಗಿರುತ್ತೆ" ಎಂದು ಸಭೆಯ ಕಾರ್ಯದರ್ಶಿ ಹೊಸ ಸದಸ್ಯರಿಗೆಲ್ಲ ಹೇಳುತ್ತಿದ್ದರು. ಈ ಒಂದು ಹೊಗಳಿಕೆಯನ್ನು ಅವನು ಮೂವತ್ತೊಂದು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ.

ಹಳೇ ಮಿಕ್ಸರಿನ ಕಾಲದಲ್ಲಿ ಮೈಕಿಗೊಂದು ಫೇಡರ್, ಅಂದರೆ ಮೇಲೆ ತಳ್ಳಿದರೆ ದನಿ ಏರುವ, ಕೆಳಕ್ಕೆಳೆದರೆ ಇಳಿಯುವ ಗುಂಡಿ. ಗಲಾಟೆ ಎದ್ದರೆ ಹತ್ತು ಬೆರಳಲ್ಲಿ ಹತ್ತು ಜನರನ್ನು ಇಳಿಸಬೇಕು. ಅಷ್ಟರಲ್ಲಿ ಹನ್ನೊಂದನೆಯವರು ಬಾಯಿಗೆ ಬಂದದ್ದೆಲ್ಲ ಅಂದು, ನೀರು ಕುಡಿದು ಕೂತಿರುತ್ತಿದ್ದರು. ಆರು ವರ್ಷದ ಹಿಂದೆ ಡಿಜಿಟಲ್ ಮಿಕ್ಸರ್ ಬಂತು. ಅದರಲ್ಲಿ ಮೈಕುಗಳನ್ನು ಗುಂಪು ಕಟ್ಟಬಹುದು. ಒಂದು ಫೇಡರ್ ಎಳೆದರೆ ಇಡೀ ಗುಂಪಿನ ದನಿ ಇಳಿಯುತ್ತದೆ. ಒಂದು ಮ್ಯೂಟ್ ಗುಂಡಿ ಒತ್ತಿದರೆ ಇಡೀ ಗುಂಪು ಮೂಕ. ಕಲಿಸಲು ಬಂದ ಹೆಂಗಸು ಅರ್ಧ ದಿನದಲ್ಲಿ ಅರ್ಧಂಬರ್ಧ ಹೇಳಿ ಕೈತೊಳೆದುಕೊಂಡು ಹೋದಳು. ಮಿಕ್ಕಿದ್ದನ್ನು ಇವನು ಎರಡು ವಾರ ತಲೆ ಕೆರೆದುಕೊಂಡು ಕಲಿತ. ಎಡಗಡೆ ಬೆಂಚಿನ ಸದಸ್ಯರದು ಒಂದು ಗುಂಪು, ಬಲಗಡೆ ಬೆಂಚಿನವರದು ಒಂದು, ಜನರು ಬಂದು ಮಾತಾಡುವ ನಾಲ್ಕು ಮೈಕುಗಳದು ಒಂದು. ಸಾಲದ್ದಕ್ಕೆ, ಅಧ್ಯಕ್ಷೆ ಹಟ ಹಿಡಿದದ್ದರಿಂದ ನಾಲ್ಕನೆಯದೂ ಒಂದು: ಅವರ ಮೇಜಿನ ಮೇಲಿನ ಕೆಂಪು ಗುಂಡಿ. ಅದನ್ನು ಒತ್ತಿದರೆ ಅವರ ಮೈಕೊಂದನ್ನು ಬಿಟ್ಟು ಸಭೆಯ ಮೈಕೆಲ್ಲ ಬಂದ್.

ಹೀಗಾಗಿ ಅಧ್ಯಕ್ಷೆಯದೊಂದನ್ನು ಬಿಟ್ಟು ಪ್ರತಿ ಮೈಕೂ ಎರಡೆರಡು ಗುಂಪಿಗೆ ಸೇರಿತು. ಒಂದು ಬಾಗಿಲಿಗೆ ಎರಡು ಬೀಗ ಜಡಿದ ಹಾಗೆ. ಒಂದನ್ನು ತೆಗೆದರೆ ಸಾಲದು, ಇನ್ನೊಂದೂ ತೆಗೆದಿರಬೇಕು. ಆರು ವರ್ಷದಲ್ಲಿ ಇದರಿಂದ ಅವನಿಗೆ ಒಮ್ಮೆಯೂ ತೊಂದರೆಯಾಗಿರಲಿಲ್ಲ. ಅಧ್ಯಕ್ಷೆಗೆ ಕೆಂಪು ಗುಂಡಿ ಬೇಕಾಗುತ್ತಿದ್ದದ್ದು ಮತಕ್ಕೆ ಹಾಕುವಾಗ ಮಾತ್ರ.

ಇನ್ನೊಂದು ಸಂಗತಿ ಕೆಳಗಿನವರಿಗೆ ಗೊತ್ತಿರಲಿಲ್ಲ. ಮ್ಯೂಟ್ ಮಾಡಿದರೆ ದನಿ ಸಭಾಂಗಣಕ್ಕೆ ಹೋಗುವುದಿಲ್ಲ, ಅಷ್ಟೆ. ತಂತಿಯಲ್ಲಿ ಗೂಡಿನವರೆಗೆ ಬರುತ್ತಲೇ ಇರುತ್ತದೆ. ಮತ್ತೆ ತೆರೆಯುವ ಮುಂಚೆ ಆ ಮೈಕಿನ ಮುಂದೆ ಯಾರೂ ಕೆಮ್ಮುತ್ತಿಲ್ಲ, ಬೈಯುತ್ತಿಲ್ಲ ಎಂದು ಹೆಡ್‌ಫೋನಿನಲ್ಲಿ ಕೇಳಿ ನೋಡಬೇಕು. ಅಂದರೆ, ಬಾಯಿ ಮುಚ್ಚಿಸಿದ ಮೇಲೆ ಜನ ಏನೆನ್ನುತ್ತಾರೆ ಎಂಬುದನ್ನು ಇಡೀ ಊರಿನಲ್ಲಿ ಕೇಳುವವನು ಇವನೊಬ್ಬನೇ. ಒಬ್ಬನು ಅಧ್ಯಕ್ಷೆಯ ಏಳು ತಲೆಮಾರನ್ನೂ ಜಾಲಾಡಿದ್ದ. ಒಬ್ಬಳು ಕಾಗದ ಮಡಚುತ್ತಾ "ಸರಿ ಬಿಡಿ" ಎಂದಿದ್ದಳು, ಅಷ್ಟೇ. ಒಬ್ಬ ವಯಸ್ಸಾದವನು ಮೈಕು ಸತ್ತದ್ದೂ ತಿಳಿಯದೆ "ಈಗ ಮನೆಗೆ ಹೋಗಿ ಅವಳಿಗೆ ಏನು ಹೇಳ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾದಿದ್ದ. ಬೈಗುಳ ಪರವಾಗಿಲ್ಲ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದು. ಇಂಥವು ಹೋಗುವುದಿಲ್ಲ. ಕೂತು ಮಾಡುವ ಕೆಲಸ, ತಣ್ಣಗಿನ ಕೋಣೆ, ಆಯಾಸ ಎಲ್ಲಿಂದ ಬರಬೇಕು ಎಂದು ಹೆಂಡತಿ ರೇಗಿಸುತ್ತಿದ್ದಳು. ಬರುತ್ತಿತ್ತು. ಕಲ್ಲು ಹೊತ್ತವನ ಹಾಗೆ ಮನೆಗೆ ಬಂದು ಬಿದ್ದುಕೊಳ್ಳುತ್ತಿದ್ದ. ಯಾಕೆಂದು ಅವನು ಬಾಯಿಬಿಟ್ಟು ಹೇಳಿದ್ದು ಅಕ್ಕನಿಗೊಬ್ಬಳಿಗೇ.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಬೇಗ ಹೋದಳು. ಅಲ್ಲಿಂದಾಚೆ ಇವಳೇ ಅಮ್ಮ. ಬಟ್ಟೆ ಹೊಲಿದ ದುಡ್ಡಲ್ಲಿ ತಮ್ಮನನ್ನು ರೇಡಿಯೋ ರಿಪೇರಿ ಕಲಿಯಲು ಕಳಿಸಿದಳು, ಕೆಲಸಕ್ಕೆ ಹಚ್ಚಿದಳು, ಮದುವೆ ಮಾಡಿದಳು, ತಾನು ಮಾತ್ರ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. "ಜೀವಮಾನವಿಡೀ ಕತ್ತರಿ ಹಿಡಿದೋಳು ನಾನು, ಹೆಸರು ಬಂದಿದ್ದು ನಿನಗೆ!" ಎಂದು ನಗುತ್ತಿದ್ದಳು. ನಲವತ್ತು ವರ್ಷ ನುಂಗಿದ ಹತ್ತಿಯ ಧೂಳು ಕೊನೆಗೆ ಎದೆಯಲ್ಲೇ ಮನೆ ಮಾಡಿತು. ಈಗ ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕು. ಪಕ್ಕದ ಬೀದಿಯಲ್ಲಿ ಆಡಳಿತದವರೇ ನಡೆಸುವ ಪುಟ್ಟ ಚಿಕಿತ್ಸಾ ಕೋಣೆಯಿದೆ, ಮೂರು ಕುರ್ಚಿ, ಮೂರು ಯಂತ್ರ, ಒಬ್ಬ ನರ್ಸು. ವಾರಕ್ಕೆ ಮೂರು ಬೆಳಿಗ್ಗೆ ಅಲ್ಲಿ ಮುಖಕ್ಕೆ ಔಷಧಿ ಹಬೆಯ ಮಾಸ್ಕ್ ಹಾಕಿಕೊಂಡು ಅರ್ಧ ಗಂಟೆ ಕೂತು ಬಂದರೆ ಅಕ್ಕ ಎರಡು ದಿನ ಮನುಷ್ಯಳಾಗಿರುತ್ತಾಳೆ.

ಆ ಕೋಣೆ ಮುಚ್ಚುವ ಪ್ರಸ್ತಾಪ ಬಂತು. ಹನ್ನೆರಡೇ ರೋಗಿಗಳಿಗಾಗಿ ಒಬ್ಬ ನರ್ಸನ್ನು ವಾರವಿಡೀ ಕೂರಿಸಲಾಗದು, ಅವರೆಲ್ಲ ರೈಲು ಹಳಿಯಾಚೆಯ ದೊಡ್ಡ ಆಸ್ಪತ್ರೆಗೆ ಹೋಗಲಿ ಎಂದು. ಹಳಿ ದಾಟಲು ಮೇಲ್ಸೇತುವೆ, ಅದಕ್ಕೆ ಅರವತ್ತೆರಡು ಮೆಟ್ಟಿಲು. ಉಸಿರು ತರಲು ಹೋಗುವವರು ಇರುವ ಉಸಿರನ್ನೂ ಮೆಟ್ಟಿಲಿಗೆ ಸುರಿಯಬೇಕು! ಇಂಥ ಬುದ್ಧಿ ಕಾಗದದ ಮೇಲಲ್ಲದೆ ಬೇರೆಲ್ಲೂ ಹುಟ್ಟುವುದಿಲ್ಲ.

ನರ್ಸಮ್ಮ ಅಕ್ಕನ ಕೈ ಹಿಡಿದು ಹೇಳಿದ್ದಳು: "ಮೂರು ಬೆಳಿಗ್ಗೆ ಇಲ್ಲಿಗೆ ಬರ್ತೀನಿ, ಉಳಿದ ಹೊತ್ತು ಅಲ್ಲಿ ಮಾಡ್ತೀನಿ, ನಂದೇನೂ ಅಡ್ಡಿಯಿಲ್ಲ. ಆದ್ರೆ ಕೆಲಸದವಳು ನಾನು, ಸಭೇಲಿ ನಾನಾಗೇ ಎದ್ದು ಮಾತಾಡೋ ಹಾಗಿಲ್ಲ. ಅವರೇ ಕೇಳಿದ್ರೆ ಹೇಳ್ತೀನಿ. ಬಂದು ಕೂತಿರ್ತೀನಿ, ಅವರು ನನ್ನನ್ನ ಕೇಳೋ ಹಾಗೆ ನೀವು ಮಾಡಿ." ಅಲ್ಲಿಗೆ ಕೋಣೆ ಉಳಿಯುವುದೂ ಮುಚ್ಚುವುದೂ ಅಕ್ಕನ ಒಂದು ಮಾತಿನ ಮೇಲೆ ನಿಂತಿತು. ಹನ್ನೆರಡು ಜನರ ಪರವಾಗಿ ಅವಳೇ ಹೆಸರು ಕೊಟ್ಟಳು.

ಸಭೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ತಾಲೀಮು. ಹೆಂಡತಿ ಗಡಿಯಾರ ಹಿಡಿದು ನಿಂತಳು. ಅಕ್ಕ ಕಾಗದ ಹಿಡಿದು ಶುರುಮಾಡಿದಳು: ನಮಸ್ಕಾರ, ತಾನು ಯಾರು, ಕೋಣೆ ಎಷ್ಟು ವರ್ಷದ್ದು, ಮೆಟ್ಟಿಲು ಎಷ್ಟು. ಕೊನೆಗೆ ನರ್ಸಮ್ಮನ ಮಾತು. ಮೂರು ನಿಮಿಷ ಐವತ್ತು ಸೆಕೆಂಡಾಯಿತು.

"ನರ್ಸಮ್ಮನ ಮಾತು ಮೊದಲೇ ಹೇಳಿಬಿಡು ಅಕ್ಕ," ಎಂದ.

"ಹೋಗೋ! ಬಂದೋಳೇ, ನಾನು ಯಾರು ಏನು ಅಂತ ಹೇಳದೆ, ನರ್ಸನ್ನ ಕೇಳಿ ಅಂತ ಹುಕುಂ ಮಾಡಲಾ?"

"ನಿಮ್ಮ ಕೈಯಲ್ಲೇ ಗುಂಡಿ ಇದೆಯಲ್ಲ," ಎಂದಳು ಹೆಂಡತಿ, ಅವನ ಕಡೆ ತಿರುಗಿ. "ಇವತ್ತೊಂದು ದಿನ ಐವತ್ತು ಸೆಕೆಂಡ್ ತಡವಾಗಿ ಒತ್ತಿದ್ರೆ ಆಕಾಶ ಬೀಳುತ್ತಾ?"

ತಡಮಾಡಿದರೆ ಅಧ್ಯಕ್ಷೆ ತಾವೇ ಕೆಂಪು ಗುಂಡಿ ಒತ್ತಬಹುದಿತ್ತು, ಅದಕ್ಕೂ ದಾರಿ ಇತ್ತು. ಒಂದು ಮೈಕನ್ನು ಎಲ್ಲ ಗುಂಪಿನಿಂದಲೂ ಹೊರಗಿಡುವ ಸೌಕರ್ಯ ಆ ಯಂತ್ರದಲ್ಲೇ ಇತ್ತು. ಪರದೆಯ ಮೇಲೆ ನಾಲ್ಕು ಸಲ ಮುಟ್ಟಿದರೆ ಸಾಕು, ಯಾವ ಗುಂಡಿಯೂ ಆ ಮೈಕಿನ ಸುದ್ದಿಗೆ ಬರುವುದಿಲ್ಲ. ಆದರೆ ಮೂವತ್ತೊಂದು ವರ್ಷ ಯಾರಿಗೂ ಮಾಡದ್ದನ್ನು ಒಡಹುಟ್ಟಿದವಳಿಗೆ ಮಾಡುವುದೇ?

"ಅವನಿಗೆ ಕಾಟ ಕೊಡಬೇಡ್ವೆ," ಎಂದಳು ಅಕ್ಕ. "ನಾನೇ ಮಾತು ಕಡಿಮೆ ಮಾಡ್ತೀನಿ. ಬಟ್ಟೆ ಕಡಿಮೆ ಬಿದ್ರೂ ರವಿಕೆ ಹೊಲಿದೋಳು ನಾನು." ಪೆನ್ಸಿಲ್ ತಗೊಂಡು ಕಾಗದದಲ್ಲಿ ಗೀಟು ಹಾಕುತ್ತಾ ಕೂತಳು. ಮತ್ತೆ ಓದಿದಾಗ ಎರಡು ನಿಮಿಷ ಐವತ್ತೈದು. ಅಷ್ಟಕ್ಕೇ ಅವಳ ತುಟಿ ಬಿಳುಚಿಕೊಂಡಿತ್ತು.

ಮಧ್ಯಾಹ್ನ ಮೂರಕ್ಕೆ ಅವಳ ಸರದಿ ಬಂತು. ಮೂವತ್ತನೇ ಮೈಕಿನ ಮುಂದೆ, ಹೊಲಿದು ಮಿಕ್ಕ ಬಟ್ಟೆಯ ಕೈಚೀಲ ಹಿಡಿದು ನಿಂತಳು. ನರ್ಸಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಳು. ಗಾಜಿನ ಗೂಡಿನಲ್ಲಿ ಕತ್ತರಿಯಣ್ಣನ ಅಂಗೈ ಬೆವೆತಿತ್ತು. ಸಾವಿರಾರು ಜನರಿಗೆ ಗುಂಡಿ ಒತ್ತಿದವನು, ಇವತ್ತು ಒಂದು ಕಣ್ಣು ಗಡಿಯಾರದ ಮೇಲೆ, ಇನ್ನೊಂದು ಪೆನ್ಸಿಲಿನ ಮೇಲೆ, ಬೆರಳು ಜನರ ಗುಂಪಿನ ಗುಂಡಿಯ ಮೇಲೆ. ಇಷ್ಟು ಬೇಗ ಯಾಕೆ ಅಲ್ಲಿಟ್ಟನೋ ಅವನಿಗೇ ಗೊತ್ತಿಲ್ಲ. ಅವಳ ಮಾತನ್ನು ಒರಟಾಗಿ ಮಾತ್ರ ಕಡಿಯಬಾರದು, ಅದೊಂದೇ ತಲೆಯಲ್ಲಿ.

ಅಕ್ಕ ಚೆನ್ನಾಗಿಯೇ ಮಾತಾಡಿದಳು. ಅರವತ್ತೆರಡು ಮೆಟ್ಟಿಲು ಎಂದಾಗ ಬಲಗಡೆ ಬೆಂಚಿನಲ್ಲಿ ಯಾರೋ ಹೌದು ಹೌದು ಎಂದರು. ಎರಡು ನಿಮಿಷ ಇಪ್ಪತ್ತು ಸೆಕೆಂಡು. "ಹಾಗಾಗಿ ನಾವು ಹನ್ನೆರಡು ಜನ ಕೇಳಿಕೊಳ್ಳೋದು ಇಷ್ಟೆ," ಎಂದಳು. ನಿಂತಳು. ಉದ್ದಕ್ಕೆ ಉಸಿರೆಳೆದುಕೊಂಡಳು.

ಬೆರಳು ಇಳಿಯಿತು.

ಪೆನ್ಸಿಲ್ ಎದ್ದಿರಲಿಲ್ಲ. ಇನ್ನೂ ನಲವತ್ತು ಸೆಕೆಂಡಿತ್ತು. ಉಸಿರು ಕೇಳಿಸಿತು, ಬೆರಳು ಇಳಿಯಿತು. ನಡುವೆ ಅವನು ಇರಲೇ ಇಲ್ಲ. ತನ್ನ ಗುಂಡಿಯ ಕೆಂಪು ದೀಪ ಹತ್ತಿದ್ದು ನೋಡಿದಾಗಲೇ ಅವನಿಗೆ ತಿಳಿದದ್ದು. ತಡಮಾಡದೆ ಮತ್ತೆ ಒತ್ತಿದ, ದೀಪ ಆರಿತು. ಆದರೆ ಅಷ್ಟರಲ್ಲಿ ಅಧ್ಯಕ್ಷೆ, ಮಾತು ಮುಗಿಯಿತು ಎಂದುಕೊಂಡು, ತಮ್ಮ ಕೆಂಪು ಗುಂಡಿ ಒತ್ತಿ ಆಗಿತ್ತು. "ಧನ್ಯವಾದ. ಇನ್ನು ಪ್ರಸ್ತಾಪವನ್ನು ಮತಕ್ಕೆ ಹಾಕೋಣ."

ಒಂದು ಬೀಗ ತೆಗೆದಿತ್ತು, ಇನ್ನೊಂದು ಬಿದ್ದಿತ್ತು. ಮೂವತ್ತನೇ ಮೈಕು ತೆರೆಯಲಿಲ್ಲ. ಹೆಡ್‌ಫೋನಿನಲ್ಲಿ ಮಾತ್ರ ಅಕ್ಕನ ದನಿ ಸ್ಪಷ್ಟವಾಗಿ ಬಂತು. ಉಸಿರು ತುಂಬಿಕೊಂಡಿದ್ದಳಲ್ಲ, ಅದನ್ನೆಲ್ಲ ಸೇರಿಸಿ ಒಂದೂ ತಪ್ಪಿಲ್ಲದೆ ಹೇಳಿದಳು: "ನರ್ಸಮ್ಮ ಮೂರು ಬೆಳಿಗ್ಗೆ ಬರೋದಕ್ಕೆ ಒಪ್ಪಿದ್ದಾರೆ. ಇಲ್ಲೇ ಮೂರನೇ ಸಾಲಲ್ಲಿ ಇದ್ದಾರೆ. ದಯವಿಟ್ಟು ಅವರನ್ನ ಕೇಳಿ." ಯಾರೂ ಅತ್ತ ತಿರುಗಲಿಲ್ಲ. ಅವಳು ಅತ್ತಿತ್ತ ನೋಡಿದಳು. ಆಮೇಲೆ ಕತ್ತೆತ್ತಿ ನೇರವಾಗಿ ಗಾಜಿನ ಗೂಡನ್ನು ನೋಡಿದಳು. ಸತ್ತ ಮೈಕಿನ ಮಾತನ್ನೂ ತಮ್ಮ ಕೇಳುತ್ತಾನೆ ಎಂದು ಆ ಸಭೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

"ಲೋ, ಮುಚ್ಚಿದೀಯೇನೋ? ಇನ್ನೂ ಇದೆ ಕಣೋ."

ಕತ್ತರಿಯಣ್ಣ ಬೆಳಿಗ್ಗೆ ಬೇಡವೆಂದಿದ್ದ ಅದೇ ದಾರಿಗೆ ಈಗ ಕೈ ಹಾಕಿದ. ಪರದೆಯ ಮೇಲೆ ನಾಲ್ಕು ಸಲ ಮುಟ್ಟಬೇಕು. ಬೆವೆತ ಬೆರಳಿಗೆ ಪರದೆ ಬಗ್ಗಲಿಲ್ಲ. ಎರಡನೇ ಸಲಕ್ಕೆ ಬೇರೇನೋ ಪುಟ ತೆರೆಯಿತು, ವಾಪಸ್ ಬಂದರೆ ಮೂವತ್ತೊಂದನೇ ಮೈಕಿನ ಪುಟ. ಕೆಳಗೆ "ಪರವಾಗಿರುವವರು ಕೈ ಎತ್ತಿ" ಎನ್ನುವುದು ಕೇಳಿಸಿತು. ಎಡಗಡೆ ಬೆಂಚಿನಲ್ಲಿ ಕೈಗಳು ಎದ್ದವು.

ಗೂಡಿನೊಳಗೆ ಅವನದೂ ಒಂದು ಮೈಕಿತ್ತು. ಖಾಲಿ ಸಭಾಂಗಣಕ್ಕೆ ಬೆಳಿಗ್ಗೆ "ಹಲೋ, ಒನ್ ಟೂ ತ್ರೀ" ಎನ್ನಲು ಇಟ್ಟದ್ದು. ಜನ ಇರುವಾಗ ಅದರಲ್ಲಿ ಅವನು ಒಂದಕ್ಷರ ಆಡಿದವನಲ್ಲ. ಅದು ಯಾವ ಗುಂಪಿಗೂ ಸೇರಿರಲಿಲ್ಲ; ಸೇರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದರ ಗುಂಡಿ ಒತ್ತಿ ಹಿಡಿದ.

"ತಪ್ಪು ನಂದು," ಎಂದ. ತನ್ನ ದನಿ ಆರು ಸ್ಪೀಕರಿನಿಂದ ಬಂದದ್ದಕ್ಕೆ ತಾನೇ ಬೆಚ್ಚಿದ. "ಆ ತಾಯಿ ಮಾತು ಮುಗಿದಿಲ್ಲ. ನಾನು ಮೊದಲೇ ಮುಚ್ಚಿಬಿಟ್ಟೆ. ಇನ್ನೂ ನಲವತ್ತು ಸೆಕೆಂಡ್ ಇತ್ತು. ಅದು ಅವರದು, ಕೊಟ್ಟುಬಿಡಿ."

ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಅಧ್ಯಕ್ಷೆಯ ಮುಖ ಕೆಂಪಾಯಿತು. ಕಾರ್ಯದರ್ಶಿ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಬಹುಶಃ ಸಮಯದ ಲೆಕ್ಕ ಬರೆದಿಡುವ ಪುಸ್ತಕವನ್ನೇ ತೋರಿಸಿದರು. ಕೊನೆಗೆ ಅಧ್ಯಕ್ಷೆ ಕೆಂಪು ಗುಂಡಿಯನ್ನು ಮತ್ತೆ ಒತ್ತಿ ಮೈಕುಗಳನ್ನು ತೆರೆದು, "ನಲವತ್ತು ಸೆಕೆಂಡು. ಹೇಳಿ," ಎಂದರು.

ಅಕ್ಕನಿಗೆ ಹೇಳಲಾಗಲಿಲ್ಲ. ಇದ್ದ ಉಸಿರನ್ನೆಲ್ಲ ಸತ್ತ ಮೈಕಿಗೆ ಸುರಿದಾಗಿತ್ತು. ಬಾಯಿ ತೆರೆದಳು, ಎದೆ ಏರಿತು, ಇಳಿಯಿತು, ಮಾತು ಬರಲಿಲ್ಲ. ಮೈಕಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬೆಂಚುಗಳಲ್ಲಿ ಗುಸುಗುಸು ಎದ್ದಿತ್ತು. ಕತ್ತರಿಯಣ್ಣ ಎಡಗೈಯ ಎರಡು ಬೆರಳಿನಲ್ಲಿ ಎರಡೂ ಬೆಂಚಿನ ಗುಂಪಿನ ಫೇಡರುಗಳನ್ನು ತಳಕ್ಕೆಳೆದ. ಇಪ್ಪತ್ತೇಳು ಸದಸ್ಯರ ಕೆಮ್ಮು, ಪಿಸುಮಾತು, ಕಾಗದದ ಸದ್ದು ಸ್ಪೀಕರಿನಲ್ಲಿ ಒಮ್ಮೆಗೇ ಇಲ್ಲವಾಯಿತು. ಬಲಗೈಯಲ್ಲಿ ಜನರ ಗುಂಪಿನ ಫೇಡರ್ ಹಿಡಿದು ಮೆಲ್ಲಗೆ ಮೇಲಕ್ಕೆ ತಳ್ಳಿದ, ಸ್ಪೀಕರು ಕುಯ್ಯೆಂದು ಕೂಗಿಡುವ ಹಂತದವರೆಗೂ ತಳ್ಳಿದ. ಸಭಾಂಗಣದ ತುಂಬ ಅಕ್ಕನ ಉಸಿರು ಕೇಳಿಸತೊಡಗಿತು. ಗೊರಗೊರ ಎಳೆಯುವುದು, ನಿಲ್ಲುವುದು, ಸಿಳ್ಳೆಯಂತೆ ಬಿಡುವುದು. ಮನೆಯಲ್ಲಿ ರಾತ್ರಿ ಹೊತ್ತು ಪಕ್ಕದ ಕೋಣೆಯಿಂದ ಅವನು ಇಪ್ಪತ್ತು ವರ್ಷ ಕೇಳಿದ ಸದ್ದು ಅದು. ಈಗ ಎಲ್ಲರೂ ಕೇಳಿದರು. ಫೋನ್ ನೋಡುತ್ತಿದ್ದ ಒಬ್ಬ ಸದಸ್ಯ ಅದನ್ನು ಮೇಜಿನ ಮೇಲೆ ಇಟ್ಟ.

ಮೂವತ್ತು ಸೆಕೆಂಡು ಬರೀ ಉಸಿರು. ಆಮೇಲೆ ಅಕ್ಕ ಕೈ ಎತ್ತಿ ಮೂರನೇ ಸಾಲಿನ ಕಡೆ ಬೆರಳು ಮಾಡಿದಳು. "ಅವರನ್ನ," ಎಂದಳು. ಎಳೆದುಕೊಂಡಳು. "ಕೇಳಿ."

ಅಧ್ಯಕ್ಷೆ ಕೇಳಲೇಬೇಕಾಯಿತು. ನರ್ಸಮ್ಮ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಾಗೆಂದು ಯಾರೂ ಚಪ್ಪಾಳೆ ತಟ್ಟಲಿಲ್ಲ. ವಾರಕ್ಕೆ ಮೂರು ಬೆಳಿಗ್ಗೆ ಕೋಣೆ ನಡೆಯಲಿ, ಒಂದು ವರ್ಷದ ಮೇಲೆ ಮತ್ತೆ ನೋಡೋಣ ಎಂದು ಒಂದು ಮತದ ಅಂತರದಲ್ಲಿ ತೀರ್ಮಾನವಾಯಿತು.

ಅಕ್ಕ ಮಾತಾಡುವಷ್ಟು ಸುಧಾರಿಸಿಕೊಳ್ಳಲು ಸಂಜೆಯಾಯಿತು. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಅವನು ಕಾಲಬಳಿ ಕೂತಿದ್ದ, ಮುಖ ಎತ್ತಲು ನಾಚಿಕೆಯಾಗಿ.

"ಟೈಮ್ ಇತ್ತಲ್ಲೋ. ಯಾಕೆ ಮುಚ್ಚಿದೆ?"

"ನೀನು ಉಸಿರು ತಗೊಂಡೆ ಅಕ್ಕ. ಮುಗೀತು ಅಂದ್ಕೊಂಡು ಕೈ ತಾನೇ ಹೋಯ್ತು. ನಾನು ಯಾವಾಗ್ಲೂ ಹಾಗೇನೇ. ಉಸಿರು ತಗೊಳ್ಳೋವಾಗ ಮುಚ್ಚಿದ್ರೆ ಯಾರಿಗೂ ನೋವಾಗಲ್ಲ."

ಅಕ್ಕ ಅವನನ್ನೇ ನೋಡಿದಳು. ಸಿಟ್ಟಿರಲಿಲ್ಲ, ಬಟನ್ ತಪ್ಪು ಕಡೆ ಹೊಲಿದ ಮಗುವನ್ನು ನೋಡಿದ ಹಾಗೆ ನೋಡಿದಳು.

"ಉಸಿರು ತಗೊಳ್ಳೋದು ಮುಗಿದಾಗ ಅಲ್ಲ ಕಣೋ, ಇನ್ನೂ ಹೇಳೋದಿದ್ದಾಗ. ಹೇಳೋದು ಏನೂ ಇಲ್ದಿದ್ರೆ ಉಸಿರು ಯಾಕೆ ಬೇಕು ನನಗೆ?"

ಅವನು ಮೂವತ್ತೊಂದು ವರ್ಷ ದಯೆ ಎಂದುಕೊಂಡು ಮಾಡಿದ್ದು. ಸರಿ ಬಿಡಿ ಎಂದವಳು, ಮನೆಯಲ್ಲಿ ಏನು ಹೇಳಲಿ ಎಂದವನು, ಇನ್ನೂ ಎಷ್ಟೋ ಜನ, ಎಲ್ಲರೂ ಹೇಳಬೇಕಾದ್ದಕ್ಕೆ ಉಸಿರು ತುಂಬಿಕೊಂಡಾಗಲೇ ಅವರ ಬಾಯಿ ಮುಚ್ಚಿದ್ದ. ಅಕ್ಕನ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟ. ಅವಳು ಸುಮ್ಮನೆ ತಲೆ ಸವರಿದಳು. ಹೆಂಡತಿ ಬಾಗಿಲವರೆಗೆ ಬಂದು, ನೋಡಿ, ವಾಪಸ್ ಹೋದಳು.

ಮಾರನೇ ದಿನ ಅಧ್ಯಕ್ಷೆಯ ಕಚೇರಿಯಿಂದ ಆದೇಶ ಬಂತು. ಎರಡೇ ಸಾಲು. ಗೂಡಿನ ಮೈಕನ್ನೂ ಇನ್ನು ಮುಂದೆ ಕೆಂಪು ಗುಂಡಿಯ ಗುಂಪಿಗೆ ಸೇರಿಸತಕ್ಕದ್ದು. ಸೇರಿಸಲು ಬರುವವನು ಅವನೊಬ್ಬನೇ ಆದ್ದರಿಂದ ಅವನೇ ಸೇರಿಸಿದ. ನಾಲ್ಕು ಸಲ ಮುಟ್ಟಿದ. ಈ ಸಲ ಬೆರಳು ತಪ್ಪಲಿಲ್ಲ.

ಮುಂದಿನ ಸಭೆಯಲ್ಲಿ ಚರಂಡಿಯ ವಿಷಯ ಹೇಳಲು ಒಬ್ಬ ಬಂದ. ಮೂರು ನಿಮಿಷಕ್ಕೆ ಪೆನ್ಸಿಲ್ ಎದ್ದಿತು. ಆ ಮನುಷ್ಯ ಉಸಿರೆಳೆದುಕೊಂಡ. ಕತ್ತರಿಯಣ್ಣ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪೆನ್ಸಿಲ್ ಅಲುಗಾಡಿತು, ಮೇಜನ್ನು ಎರಡು ಸಲ ಕುಟ್ಟಿತು. ಕೊನೆಗೆ ಅಧ್ಯಕ್ಷೆ ತಾವೇ ಕೆಂಪು ಗುಂಡಿ ಒತ್ತಿದರು. ಚರಂಡಿಯವನು ಮಾತು ನಿಂತದ್ದಕ್ಕೆ ತಲೆಯೆತ್ತಿದ, ಆದರೆ ಈ ಸಲ ಗಾಜಿನ ಗೂಡನ್ನು ನೋಡಲಿಲ್ಲ, ಅಧ್ಯಕ್ಷೆಯನ್ನೇ ನೋಡಿದ. ಕತ್ತರಿಯಣ್ಣ ಹೆಡ್‌ಫೋನ್ ಹಾಕಿಕೊಂಡು, ಅವನು ಹೇಳಬೇಕೆಂದಿದ್ದ ಮಿಕ್ಕಿದ್ದನ್ನು ಕೊನೆಯವರೆಗೂ ಕೇಳಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡ.